ಡಿಕ್ರಿ ಕೈಗೆ ಬಂದ ಮೇಲೆ ಮುಂದೇನು ಎಂದು ಹೇಳಬೇಕಾದವರು ಯಾರು?

ಚಾಮರಾಜಪೇಟೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಶಾಲಾ ಶಿಕ್ಷಕಿ. ನನ್ನ ದೊಡ್ಡಪ್ಪನ ಮಗಳ ವಿಷಯವನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಈ ವೇದಿಕೆಯಲ್ಲಿ ವಕೀಲರೂ ಕಾನೂನು ಓದುತ್ತಿರುವವರೂ ಇದ್ದೀರಿ. ದಯವಿಟ್ಟು ಪೂರ್ತಿ ಓದಿ.

ದೊಡ್ಡಪ್ಪನ ಮನೆ ಮತ್ತು ಅದರ ಹಿಂದಿನ ಖಾಲಿ ನಿವೇಶನದಲ್ಲಿ ತನಗೂ ಪಾಲು ಬೇಕೆಂದು ಅಕ್ಕ ಇಬ್ಬರು ತಮ್ಮಂದಿರ ವಿರುದ್ಧ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಿದ್ದಳು. ತೀರ್ಪು ಅವಳ ಪರವಾಗಿಯೇ ಬಂತು. ಮೂರನೇ ಒಂದು ಪಾಲು ಅವಳದು ಎಂದಾಯಿತು. ವಕೀಲರು ‘ಗೆದ್ದಿರಿ ಅಮ್ಮ’ ಎಂದರು, ಬಾಕಿ ಫೀಜು ತೆಗೆದುಕೊಂಡರು, ತೀರ್ಪಿನ ದೃಢೀಕೃತ ನಕಲನ್ನು ಕೈಗೆ ಕೊಟ್ಟರು. ಇನ್ನು ಮುಂದೆ ಕೋರ್ಟಿನವರೇ ಬಂದು ಅಳೆದು ಕೊಡುತ್ತಾರೆ ಎಂದುಕೊಂಡು ಅಕ್ಕ ಕಾಯುತ್ತಾ ಕುಳಿತಳು. ವರ್ಷಗಳು ಕಳೆದವು. ಯಾರೂ ಬರಲಿಲ್ಲ. ಮನೆಯ ಬಾಡಿಗೆ ತಮ್ಮಂದಿರಿಗೇ ಹೋಗುತ್ತಿದೆ. ಈಚೆಗೆ ಪರಿಚಯದ ಇನ್ನೊಬ್ಬ ವಕೀಲರು ಆ ಕಾಗದವನ್ನು ತಿರುವಿ ನೋಡಿ, ಇದು ಪ್ರಾಥಮಿಕ ಡಿಕ್ರಿ ಮಾತ್ರ, ಅಂತಿಮ ಡಿಕ್ರಿಗೆ ಅರ್ಜಿಯನ್ನೇ ಹಾಕಿಲ್ಲವಲ್ಲ ಎಂದರು. ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ.

ನನ್ನ ಪ್ರಶ್ನೆ ಇಷ್ಟು. ಆ ಒಂದು ಮಾತನ್ನು ಅವಳಿಗೆ ಹೇಳುವುದು ಯಾರ ಕೆಲಸವಾಗಿತ್ತು? ಕಾನೂನು ಕಾಲೇಜುಗಳಲ್ಲಿ ಇದನ್ನು ಕಲಿಸುತ್ತಾರೆಯೇ? ಸಮಾಜದಲ್ಲಿ ವಕೀಲರ ಪಾತ್ರದ ಬಗ್ಗೆ ವೇದಿಕೆಗಳಲ್ಲಿ ದೊಡ್ಡ ಭಾಷಣಗಳನ್ನು ಕೇಳಿದ್ದೇನೆ. ನನಗೆ ಬೇಕಿರುವುದು ಈ ಸಣ್ಣ ಪ್ರಶ್ನೆಗೆ ಉತ್ತರ.

ಸಿವಿಲ್ ಕೋರ್ಟ್ ವಕೀಲ:

ಮೇಡಂ, ಮೊದಲು ನಿಮ್ಮ ಅಕ್ಕನವರಿಗೆ ಧೈರ್ಯ ಹೇಳಿ. ಕೈ ಮೀರಿ ಹೋಗಿಲ್ಲ. ಡಿಕ್ರಿ ಎಂದರೆ ತೀರ್ಪಿನ ಆಧಾರದ ಮೇಲೆ ಕೋರ್ಟ್ ಹೊರಡಿಸುವ ವಿಧ್ಯುಕ್ತ ಆದೇಶ. ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಪಾಲು ಎಂಬುದನ್ನು ತೀರ್ಮಾನಿಸುತ್ತದೆ. ಯಾವ ಕೋಣೆ, ಯಾವ ಗೋಡೆಯವರೆಗೆ, ನಿವೇಶನದ ಯಾವ ಬದಿ ಎಂಬುದು ಅಂತಿಮ ಡಿಕ್ರಿಯಲ್ಲಿ ಬರುತ್ತದೆ. ಅದಕ್ಕಾಗಿ ಕೋರ್ಟ್ ಕಮಿಷನರ್ ಒಬ್ಬರನ್ನು ನೇಮಿಸುತ್ತಾರೆ. ಅವರು ಸ್ಥಳಕ್ಕೆ ಬಂದು ಅಳೆದು ನಕ್ಷೆ ಮಾಡಿ ವರದಿ ಕೊಡುತ್ತಾರೆ. ಆ ವರದಿಗೆ ಎರಡೂ ಕಡೆಯವರು ತಕರಾರು ಸಲ್ಲಿಸಬಹುದು. ಮನೆ ಚಿಕ್ಕದಾಗಿ, ತುಂಡು ಮಾಡಿದರೆ ಯಾರಿಗೂ ಉಪಯೋಗವಿಲ್ಲ ಎನ್ನುವಂತಿದ್ದರೆ 1893ರ ವಿಭಾಗ ಕಾಯ್ದೆಯಡಿ, ಒಟ್ಟು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವವರು ಮಾರಾಟ ಮಾಡಿ ಹಣ ಹಂಚಲು ಕೇಳಬಹುದು. ಆಗ ಉಳಿದ ಪಾಲುದಾರರು ನ್ಯಾಯಾಲಯ ನಿಗದಿ ಮಾಡಿದ ಬೆಲೆಗೆ ಮಾರಾಟ ಕೇಳಿದವರ ಪಾಲನ್ನು ಕೊಂಡುಕೊಳ್ಳುತ್ತೇವೆ ಎಂದು ಮುಂದೆ ಬರಲೂಬಹುದು.

ತಡವಾಯಿತು ಎಂಬ ಭಯ ಬೇಡ. ಅಂತಿಮ ಡಿಕ್ರಿಗೆ ಕೇಳುವ ಅರ್ಜಿಗೆ ಕಾಲಮಿತಿಯ ಅಡ್ಡಿ ಇಲ್ಲ ಎಂದು 2009ರಲ್ಲಿ ಶುಭ್ ಕರಣ್ ಬುಬ್ನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಾಥಮಿಕ ಡಿಕ್ರಿಯಾದ ಬಳಿಕ ಕಕ್ಷಿದಾರರು ಪ್ರತ್ಯೇಕ ಅರ್ಜಿ ಹಾಕಲಿ ಎಂದು ಕಾಯುತ್ತ ಕೂರದೆ, ವಿಚಾರಣಾ ನ್ಯಾಯಾಲಯವೇ ಪ್ರಕರಣವನ್ನು ಅಂತಿಮ ಡಿಕ್ರಿಗೆ ಮುಂದುವರಿಸಬೇಕು ಎಂದು 2022ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟವಾಗಿ ನಿರ್ದೇಶಿಸಿದೆ. ನಿಮ್ಮ ಅಕ್ಕನವರದು ಅದಕ್ಕೂ ಹಿಂದಿನ ಡಿಕ್ರಿ ಎಂದು ಕಾಣುತ್ತದೆ. ಅರ್ಜಿ ಹಾಕಿಸಿ.

ಇನ್ನು ನಿಮ್ಮ ಪ್ರಶ್ನೆ. ಆ ವಕೀಲರ ಪರವಾಗಿ ಒಂದು ಮಾತು ಹೇಳಬೇಕು. ಫೀಜು ಮಾತನಾಡಿಕೊಂಡದ್ದು ದಾವೆಯವರೆಗೆ ಮಾತ್ರ ಇರಬಹುದು. ಅಂತಿಮ ಡಿಕ್ರಿ ಎಂದರೆ ಮತ್ತೆ ವರ್ಷಗಟ್ಟಲೆಯ ಕೆಲಸ. ತೀರ್ಪು ಬಂದ ಮೇಲೆ ಎಷ್ಟೋ ಕಕ್ಷಿದಾರರು ನಮ್ಮ ಕಚೇರಿಯ ಕಡೆ ತಿರುಗಿ ನೋಡುವುದಿಲ್ಲ.

ಚಾಮರಾಜಪೇಟೆ ಟೀಚರ್:

ಮಾಹಿತಿಗೆ ತುಂಬಾ ಕೃತಜ್ಞತೆಗಳು ಸರ್. ಅಕ್ಕನಿಗೆ ಈಗಲೇ ಓದಿ ಹೇಳಿದೆ. ಆದರೆ ನಿಮ್ಮ ಕೊನೆಯ ಮಾತನ್ನು ಒಪ್ಪಲಾರೆ. ಕೆಲಸ ಮಾಡಲು ಫೀಜು ಬೇಕು, ಸರಿ. ಕೆಲಸ ಬಾಕಿ ಇದೆ ಎಂದು ಹೇಳಲು ಫೀಜು ಬೇಕೇ? ‘ಇನ್ನೊಂದು ಹಂತ ಇದೆ ಅಮ್ಮ, ನನ್ನಿಂದಲೇ ಮಾಡಿಸಿ ಅಥವಾ ಬೇರೆಯವರಿಂದ ಮಾಡಿಸಿ’ ಎನ್ನಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಸಿಗದೆ ಅಕ್ಕ ಇಷ್ಟು ವರ್ಷ ಕಳೆದುಕೊಂಡಿದ್ದಾಳೆ.

ಸಿವಿಲ್ ಕೋರ್ಟ್ ವಕೀಲ:

ಒಪ್ಪುತ್ತೇನೆ ಮೇಡಂ. ಅದಕ್ಕೆ ಉತ್ತರ ಹೇಳಲಾಗದು. ಹೇಳಲೇಬೇಕಿತ್ತು.

ರಾಜಾಜಿನಗರ ನಿವಾಸಿ:

ವಕೀಲರಿಂದ ಇದನ್ನೆಲ್ಲ ನಿರೀಕ್ಷಿಸುವುದೇ ವ್ಯರ್ಥ. ಅವರಿಗೆ ವಾಯಿದೆ ಬೇಕು, ಫೀಜು ಬೇಕು. ಮಾತೆತ್ತಿದರೆ ಕಲಾಪ ಬಹಿಷ್ಕಾರ. 2012ರ ಮಾರ್ಚ್‌ನಲ್ಲಿ ಇದೇ ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿ ಪತ್ರಕರ್ತರ ಮೇಲೆ ಕಲ್ಲು ಬಿದ್ದದ್ದನ್ನು ಇಡೀ ನಾಡು ಟಿ.ವಿ.ಯಲ್ಲಿ ನೋಡಿತು. ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಹೇಳಿದೆ. ಕೇಳುವವರು ಯಾರು?

ಕಿರಿಯ ವಕೀಲೆ, ಮೇಯೋ ಹಾಲ್:

ಸರ್, 2012ರ ಘಟನೆಯನ್ನು ಸಮರ್ಥಿಸುವವಳು ನಾನಲ್ಲ. ಆದರೆ ಇನ್ನೊಂದನ್ನೂ ನೆನಪಿಡಿ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ದೇಶದ್ರೋಹದ ಪ್ರಕರಣ ದಾಖಲಾದಾಗ ಅಲ್ಲಿನ ವಕೀಲರ ಸಂಘ ಅವರ ಪರ ಯಾರೂ ವಕಾಲತ್ತು ಹಾಕಬಾರದೆಂದು ನಿರ್ಣಯ ಮಾಡಿತ್ತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರೂ ವಕೀಲರೇ. ಬೆಂಗಳೂರಿನಿಂದ ಹೋಗಿ ಪೊಲೀಸ್ ರಕ್ಷಣೆಯಲ್ಲಿ ಜಾಮೀನು ಅರ್ಜಿ ಸಲ್ಲಿಸಿದವರೂ ವಕೀಲರೇ. ಅಂಥ ನಿರ್ಣಯಗಳಿಗೆ ಕಾನೂನಿನ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಸಂವಿಧಾನದ 22ನೇ ವಿಧಿಯಡಿ ಬಂಧಿತನಿಗೆ ತನ್ನ ಆಯ್ಕೆಯ ವಕೀಲನಿಂದ ರಕ್ಷಣೆ ಪಡೆಯುವ ಹಕ್ಕಿದೆ. ಊರಿಗೆ ಊರೇ ತಿರುಗಿ ಬಿದ್ದಾಗ ಆ ಹಕ್ಕನ್ನು ಉಳಿಸಲು ಒಬ್ಬರಾದರೂ ಕರಿಕೋಟು ಹಾಕಿಕೊಂಡು ಹೋಗಿ ನಿಲ್ಲಬೇಕು. ನಾನು ಈ ವೃತ್ತಿಗೆ ಬಂದದ್ದೇ ಅದಕ್ಕಾಗಿ.

ಟೀಚರ್ ಅವರ ಪ್ರಶ್ನೆಗೆ ಬರುತ್ತೇನೆ. ಕಕ್ಷಿದಾರರಿಗೆ ತಿಳಿಸಿ ಹೇಳುವ ಕೆಲಸ ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ಒಳಗಿನಿಂದ ನೋಡುತ್ತಿದ್ದೇನೆ. ಬೆಳಿಗ್ಗೆ ನನ್ನ ಹಿರಿಯರ ಡೈರಿಯಲ್ಲಿ ಮೇಯೋ ಹಾಲಿನ ಕೋರ್ಟಿನಲ್ಲಿ ಎರಡು, ಸಿಟಿ ಸಿವಿಲ್ ಕೋರ್ಟಿನಲ್ಲಿ ಮೂರು, ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಒಂದು ಪ್ರಕರಣ ಇರುತ್ತದೆ. ಹನ್ನೊಂದು ಗಂಟೆಗೆ ಎಲ್ಲ ಕಡೆಯೂ ಒಟ್ಟಿಗೆ ಕೂಗುತ್ತಾರೆ. ಒಂದು ಕಡೆ ಪಾಸ್ ಓವರ್ (ಸ್ವಲ್ಪ ಹೊತ್ತು ಬಿಟ್ಟು ಕೂಗಿ ಎಂದು) ಕೇಳಿ ಇನ್ನೊಂದು ಕಡೆ ಓಡಬೇಕು. ಕಕ್ಷಿದಾರರು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಕೇಸ್ ನಂಬರ್ ಕೂಗಿದಾಗ ಎದ್ದು ನಿಲ್ಲುತ್ತಾರೆ. ಮುಂದೆ ಎರಡು ವಾಕ್ಯ ಇಂಗ್ಲಿಷಿನಲ್ಲಿ ನಡೆಯುತ್ತದೆ, ಬೆಂಚ್ ಕ್ಲರ್ಕ್ ತಾರೀಖು ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ನಾನು ಬಾಗಿಲ ಬಳಿ ಇರುತ್ತೇನೆ. ‘ಏನಾಯಿತಮ್ಮಾ?’ ಎಂದು ಅವರು ಹಿಂದೆಯೇ ಓಡಿ ಬರುತ್ತಾರೆ. ‘ಮುಂದಿನ ತಿಂಗಳು ಎಂಟಕ್ಕೆ ಬನ್ನಿ’ ಎನ್ನುತ್ತೇನೆ. ಅವರು ಕೇಳಿದ್ದು ಏನಾಯಿತು ಎಂದು. ನಾನು ಹೇಳಿದ್ದು ಯಾವಾಗ ಬರಬೇಕು ಎಂದು.

ಇದನ್ನು ನೆಪವಾಗಿ ಹೇಳುತ್ತಿಲ್ಲ. ಇದು ಹೀಗೆ ನಡೆಯಬಾರದು ಎಂದೇ ಬರೆದೆ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20 ಸಾವಿರ, ಗ್ರಾಮೀಣ ಪ್ರದೇಶದಲ್ಲಿ 15 ಸಾವಿರ ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸುತ್ತೋಲೆ ಹೊರಡಿಸಿದೆ. ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ಬಸ್ಸಿನ ಖರ್ಚಿಗೂ ಸಾಲದ ಸಂಬಳದಲ್ಲಿ ಮೂರು ಕೋರ್ಟುಗಳ ನಡುವೆ ಓಡುವ ಹುಡುಗ ಹುಡುಗಿಯರಿಂದ ಕಕ್ಷಿದಾರರ ಪಕ್ಕದಲ್ಲಿ ಕುಳಿತು ವಿವರಿಸುವ ತಾಳ್ಮೆಯನ್ನು ಬಯಸುವುದಾದರೆ, ಆ ತಾಳ್ಮೆಗೆ ಬೇಕಾದ ಹೊತ್ತನ್ನೂ ಹಣವನ್ನೂ ಹಿರಿಯರು ಕೊಡಬೇಕು.

ಕಾನೂನು ವಿದ್ಯಾರ್ಥಿನಿ:

ಕಾಲೇಜಿನಲ್ಲಿ ಕಲಿಸುತ್ತಾರೆಯೇ ಎಂಬ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. ನಾನು ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಬೆಂಗಳೂರಿನಲ್ಲಿ ಐದು ವರ್ಷದ ಪದವಿ ಓದುತ್ತಿದ್ದೇನೆ. ಪ್ರಾಥಮಿಕ ಡಿಕ್ರಿ ಮತ್ತು ಅಂತಿಮ ಡಿಕ್ರಿಯ ವ್ಯತ್ಯಾಸವನ್ನು ಐದು ಅಂಕಕ್ಕೆ ಬರೆದಿದ್ದೇನೆ. ಆದರೆ ಅದನ್ನು ಎಪ್ಪತ್ತು ವರ್ಷದ ಹೆಂಗಸಿಗೆ ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಯಾರೂ ಕೇಳಿಲ್ಲ. ಅಣಕು ನ್ಯಾಯಾಲಯದ ಸ್ಪರ್ಧೆಗಳಲ್ಲಿ ನಾವು ಯಾವಾಗಲೂ ಸುಪ್ರೀಂ ಕೋರ್ಟಿನಲ್ಲೇ ವಾದ ಮಾಡುತ್ತೇವೆ. ಸಾಕ್ಷಿ ಇಲ್ಲ, ಕೋರ್ಟಿನ ನೋಟಿಸು ತಲುಪಿಸುವ ಅಮೀನ ಇಲ್ಲ, ಕಕ್ಷಿದಾರರಂತೂ ಇಲ್ಲವೇ ಇಲ್ಲ.

ಕಳೆದ ವರ್ಷ ಕಾಲೇಜಿನ ಕಾನೂನು ನೆರವು ಶಿಬಿರಕ್ಕೆ ನೆಲಮಂಗಲದ ಕಡೆಯ ಹಳ್ಳಿಗೆ ಹೋಗಿದ್ದೆವು. ಬ್ಯಾನರ್ ಕಟ್ಟಿ, ಭಾಷಣ ಮುಗಿಸಿ, ಗುಂಪು ಫೋಟೊ ತೆಗೆಸಿಕೊಂಡು ಎಲ್ಲರೂ ಊಟಕ್ಕೆ ಎದ್ದರು. ಆಗ ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ಮಡಚಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟರು. ಮಗ ಸಾಲ ಪಡೆದಿದ್ದ ಹಣಕಾಸು ಸಂಸ್ಥೆಯಿಂದ ಬಂದ ನೋಟಿಸು, ಪೂರ್ತಿ ಇಂಗ್ಲಿಷಿನಲ್ಲಿತ್ತು. ‘ಮನೆ ಹೋಗುತ್ತದಾ ಮಗಾ?’ ಎಂದು ಕೇಳಿದರು. ಮನೆಯ ಮಾತೇ ಅದರಲ್ಲಿ ಇರಲಿಲ್ಲ. ಮಧ್ಯಸ್ಥಿಕೆದಾರರ (ಆರ್ಬಿಟ್ರೇಟರ್) ಮುಂದೆ ಹಾಜರಾಗಲು ಮಗನಿಗೆ ಕೊಟ್ಟ ದಿನಾಂಕ ಮಾತ್ರ ಇತ್ತು. ಅದನ್ನು ಸಾಲು ಸಾಲಾಗಿ ಓದಿ, ಹಿಂಬದಿಯಲ್ಲಿ ದಿನಾಂಕವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೊಟ್ಟೆ. ಇಡೀ ಶಿಬಿರದಲ್ಲಿ ಆದ ಕಾನೂನಿನ ಕೆಲಸ ಅಷ್ಟೇ. ವರದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಕಾನೂನು ಬೋಧಕ:

ವಿದ್ಯಾರ್ಥಿನಿ ಬರೆದದ್ದು ಅಕ್ಷರಶಃ ಸತ್ಯ. ಆದರೆ ದೋಷ ನಿಯಮದಲ್ಲಿ ಇಲ್ಲ ಎಂಬುದನ್ನು ಗಮನಿಸಬೇಕು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ನಾಲ್ಕು ಪ್ರಾಯೋಗಿಕ ವಿಷಯಗಳು ಕಡ್ಡಾಯ. ದಾವಾಪತ್ರ ಮತ್ತು ದಸ್ತಾವೇಜುಗಳ ಕರಡು ಬರೆಯುವುದು, ವೃತ್ತಿಧರ್ಮ, ಪರ್ಯಾಯ ವ್ಯಾಜ್ಯ ಪರಿಹಾರ, ಅಣಕು ನ್ಯಾಯಾಲಯ. ಈ ಕೊನೆಯ ವಿಷಯದಲ್ಲಿ ಅಣಕು ವಾದಕ್ಕೆ 30 ಅಂಕ. ನಿಜವಾದ ವಿಚಾರಣೆಗಳನ್ನು ಕೋರ್ಟಿನಲ್ಲಿ ಕುಳಿತು ನೋಡಿ ಬರೆಯುವುದಕ್ಕೆ 30. ವಕೀಲರ ಕಚೇರಿಯಲ್ಲಿ ಕಕ್ಷಿದಾರರ ಸಂದರ್ಶನ ಹೇಗೆ ನಡೆಯುತ್ತದೆ ಎಂದು ನೋಡಿ ಡೈರಿ ಬರೆಯುವುದಕ್ಕೂ 30. ಅಂದರೆ ಟೀಚರ್ ಕೇಳುತ್ತಿರುವ ಪಾಠ ಪಠ್ಯಕ್ರಮದಲ್ಲಿ ಇದೆ. ಇಂಟರ್ನ್‌ಶಿಪ್ ಕೂಡ ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇರಲೇಬೇಕು.

ನಡೆಯುವುದು ಬೇರೆ. ಹಿಂದಿನ ವರ್ಷದವರ ಡೈರಿ ಕೈಯಿಂದ ಕೈಗೆ ಬರುತ್ತದೆ. ಅದೇ ಸಾಕ್ಷಿ, ಅದೇ ಪಾಟೀಸವಾಲು, ಅದೇ ತಪ್ಪುಗಳೊಂದಿಗೆ ನಕಲಾಗುತ್ತದೆ. ತಿದ್ದುವವರು ಕೋರ್ಟ್ ಮೆಟ್ಟಿಲು ಹತ್ತಿದವರಲ್ಲದಿದ್ದರೆ ಅದನ್ನು ಹಿಡಿಯುವುದೂ ಕಷ್ಟ. ಇದಕ್ಕೆ ಒಂದು ಮೂಲ ಕಾರಣವಿದೆ. ಪೂರ್ಣಾವಧಿ ಸಂಬಳದ ಬೋಧಕರು ವಕೀಲಿ ಮಾಡುವಂತಿಲ್ಲ. ವೃತ್ತಿನಿರತ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದು ಎಂದು 1979ರ ನಿಯಮದಲ್ಲಿ ಅವಕಾಶವಿದೆ. ಹಿಂದೆ ಬೆಂಗಳೂರಿನ ಸಂಜೆ ಕಾಲೇಜುಗಳಲ್ಲಿ ಅದೇ ನಡೆಯುತ್ತಿತ್ತು. ಬೆಳಿಗ್ಗೆ ಸಾಕ್ಷಿಯನ್ನು ಪ್ರಶ್ನಿಸಿದ ವಕೀಲರು ಸಂಜೆ ಬಂದು ಅದನ್ನೇ ಪಾಠವಾಗಿ ಹೇಳುತ್ತಿದ್ದರು. ಆ ಬಾಗಿಲು ಈಗಲೂ ತೆರೆದೇ ಇದೆ, ಬಳಸುವವರು ಕಡಿಮೆಯಾಗಿದ್ದಾರೆ.

ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಾಗ ಅದರ ಸ್ಥಾಪಕ ನಿರ್ದೇಶಕ ಮಾಧವ ಮೆನನ್ ಅವರಿಗೆ ಇದೇ ಕಾಳಜಿ ಇತ್ತು. ವಿದ್ಯಾರ್ಥಿಗಳು ನಿಜವಾದ ಕಕ್ಷಿದಾರರಿಗೆ ನೆರವಾಗುವ ಕಾನೂನು ನೆರವಿನ ಕ್ಲಿನಿಕ್‌ಗಳು ಕಾನೂನು ಶಿಕ್ಷಣದ ಭಾಗವಾಗಬೇಕೆಂದು ಅವರು ಜೀವಮಾನವಿಡೀ ಒತ್ತಿ ಹೇಳಿದರು. ಅವರ ಐದು ವರ್ಷದ ಮಾದರಿಯನ್ನು ದೇಶವೇ ತೆಗೆದುಕೊಂಡಿತು. ಕ್ಲಿನಿಕ್ ಮಾತ್ರ ಎಷ್ಟೋ ಕಡೆ ಬಾಗಿಲ ಮೇಲಿನ ಫಲಕವಾಗಿಯೇ ಉಳಿಯಿತು. ನನಗೆ ಇದು ನೋವಿನ ಸಂಗತಿ.

ವಿಜಯನಗರದ ಪಾಲಕ:

ಚರ್ಚೆ ಶಿಕ್ಷಣದ ಕಡೆ ಬಂದದ್ದರಿಂದ ಒಂದು ಮಾತು. ವಕೀಲರು ಶಿಕ್ಷಣಕ್ಕೆ ಏನು ಕೊಟ್ಟರು ಎಂದರೆ ನನಗೆ ಮೊದಲು ನೆನಪಾಗುವುದು ನಮ್ಮ ರಾಜ್ಯದ್ದೇ ಪ್ರಕರಣ, ಮೋಹಿನಿ ಜೈನ್. 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000. ತುಮಕೂರಿನ ಕಾಲೇಜಿಗೆ ಸೇರಬಯಸಿದ್ದ ಉತ್ತರ ಪ್ರದೇಶದ ಮೋಹಿನಿ ಜೈನ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1992ರಲ್ಲಿ ನ್ಯಾಯಾಲಯ ಶಿಕ್ಷಣ ಮೂಲಭೂತ ಹಕ್ಕು ಎಂದಿತು, ಸೀಟು ಕೊಡಲು ಹೆಚ್ಚುವರಿಯಾಗಿ ಪಡೆಯುವ ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂದಿತು. ಮಾರನೆಯ ವರ್ಷ ಉನ್ನಿಕೃಷ್ಣನ್ ತೀರ್ಪಿನಲ್ಲಿ ಆ ಹಕ್ಕು 14 ವರ್ಷದವರೆಗೆ ಎಂದು ಮಿತಿಗೊಂಡಿತು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು, 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದೇ ಕಾಯ್ದೆಯ ಶೇ 25ರ ಸೀಟಿನಲ್ಲಿ ನನ್ನ ಮಗ ಓದಿದ. ಆಗ ನಮ್ಮ ಬಡಾವಣೆಯ ವಕೀಲರೊಬ್ಬರು ಭಾನುವಾರಗಳಂದು ಮನೆಯ ವರಾಂಡದಲ್ಲಿ ಕುಳಿತು ನಮ್ಮಂಥವರ ಅರ್ಜಿಗಳನ್ನು ಉಚಿತವಾಗಿ ತುಂಬಿಸಿಕೊಡುತ್ತಿದ್ದರು. ಆದಾಯ ಪ್ರಮಾಣಪತ್ರದಲ್ಲಿ ಹೆಸರಿನ ಅಕ್ಷರ ತಪ್ಪಿದ್ದರೆ ಎಲ್ಲಿ ಹೋಗಿ ತಿದ್ದಿಸಬೇಕು ಎಂಬುದನ್ನೂ ಹೇಳುತ್ತಿದ್ದರು. ಅವರ ಋಣ ನನ್ನ ಮೇಲಿದೆ.

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆ ತೀರ್ಪಿನಿಂದ ಮೋಹಿನಿ ಜೈನ್ ಅವರಿಗೆ ಸೀಟು ಸಿಗಲಿಲ್ಲ. ಅವರ ಪ್ರವೇಶ ಅರ್ಹತಾ ಪಟ್ಟಿಯ ಆಧಾರದ ಮೇಲೆ ಆದದ್ದಲ್ಲ, ತರಗತಿಗಳೂ ಆಗಲೇ ಶುರುವಾಗಿವೆ ಎಂದು ನ್ಯಾಯಾಲಯ ಅವರಿಗೆ ವೈಯಕ್ತಿಕ ಪರಿಹಾರ ಕೊಡಲಿಲ್ಲ. ದೇಶಕ್ಕೆ ದಾರಿ ತೆರೆದವರಿಗೆ ಆ ದಾರಿ ಸಿಗಲಿಲ್ಲ. ಟೀಚರ್ ಅವರ ಅಕ್ಕನ ಕಥೆ ಓದಿದಾಗ ಇದು ನೆನಪಾಯಿತು.

ಪೀಣ್ಯ ಕಾರ್ಮಿಕ:

ನನ್ನ ಅನುಭವವನ್ನೂ ಬರೆಯುತ್ತೇನೆ. ನನ್ನ ಚಿಕ್ಕಪ್ಪನ ಮಗ ಒಂದು ಹೊಡೆದಾಟದ ಪ್ರಕರಣದಲ್ಲಿ ಪರಪ್ಪನ ಅಗ್ರಹಾರ ಜೈಲಿನಲ್ಲಿದ್ದ. ನಾವು ಸಾಲ ಮಾಡಿ ವಕೀಲರನ್ನು ಹಿಡಿದಿದ್ದೆವು. ಅವರನ್ನು ಕೇಳಿದಾಗಲೆಲ್ಲ ‘ನೋಡೋಣ’ ಎನ್ನುತ್ತಿದ್ದರು. ಜೈಲಿಗೆ ಬರುವ ಕಾನೂನು ನೆರವಿನ ವಕೀಲೆಯೊಬ್ಬರು ಅವನ ಕಾಗದ ನೋಡಿ, ಇಷ್ಟು ದಿನದೊಳಗೆ ಪೊಲೀಸರು ದೋಷಾರೋಪ ಪಟ್ಟಿ ಹಾಕದಿದ್ದರೆ ಜಾಮೀನು ಕೇಳುವುದು ನಿನ್ನ ಹಕ್ಕು, ಆದರೆ ಅವರು ಹಾಕುವ ಮೊದಲೇ ನೀನು ಅರ್ಜಿ ಕೊಟ್ಟಿರಬೇಕು ಎಂದು ತಿಳಿಸಿದರು. ದಿನ ಎಣಿಸುವುದನ್ನೂ ಹೇಳಿಕೊಟ್ಟರು. ಆ ದಿನ ಬಂದಿತು, ಅರ್ಜಿ ಹಾಕಿದರು, ಜಾಮೀನು ಸಿಕ್ಕಿತು. ಅವರು ನಮ್ಮಿಂದ ಒಂದು ರೂಪಾಯಿಯನ್ನೂ ಪಡೆಯಲಿಲ್ಲ. ಉಚಿತ ವಕೀಲರು ಎಂದರೆ ಉಪಯೋಗವಿಲ್ಲ ಎಂದು ಹೇಳುವವರು ಇದನ್ನು ಕೇಳಬೇಕು.

ಕಿರಿಯ ವಕೀಲೆ, ಮೇಯೋ ಹಾಲ್:

ಆ ವಕೀಲೆಗೆ ನನ್ನ ನಮಸ್ಕಾರ. ಇತರರಿಗೂ ಉಪಯೋಗವಾಗಲಿ ಎಂದು ಸೇರಿಸುತ್ತೇನೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಹಾಗೂ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ದೋಷಾರೋಪ ಪಟ್ಟಿಯ ಈ ಗಡುವು 90 ದಿನ, ಉಳಿದವುಗಳಲ್ಲಿ 60 ದಿನ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 167ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂ. ಅವಧಿ ಮುಗಿದರೂ ಅರ್ಜಿ ಕೊಡದೆ ಸುಮ್ಮನಿದ್ದು, ಅಷ್ಟರಲ್ಲಿ ದೋಷಾರೋಪ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಹೋಗುತ್ತದೆ. ತಿಳಿಸಿ ಹೇಳುವುದು ಎಂದರೆ ಸೌಜನ್ಯದ ಮಾತಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಹೇಳಿದರೆ ಹೊರಗೆ, ಹೇಳದಿದ್ದರೆ ಒಳಗೆ.

ರಾಜಾಜಿನಗರ ನಿವಾಸಿ:

ಪೀಣ್ಯದ ಸಹೋದರರು ಬರೆದದ್ದನ್ನು ಓದಿದೆ. ಇಂಥ ವಕೀಲರೂ ಇದ್ದಾರೆ ಎಂಬುದು ಸಂತೋಷ. ಆದರೆ ಕೆಟ್ಟದಾಗಿ ನಡೆದುಕೊಂಡವರನ್ನು ಕೇಳುವ ವ್ಯವಸ್ಥೆ ಏನಿದೆ? ವೈದ್ಯರಾದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು.

ಸಿವಿಲ್ ಕೋರ್ಟ್ ವಕೀಲ:

ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ಕೇಳುವವರೇ ಇಲ್ಲ ಎಂದಲ್ಲ. ವೃತ್ತಿ ದುರ್ನಡತೆಯಾಗಿದ್ದರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಒಂದು ವರ್ಷದೊಳಗೆ ತೀರ್ಮಾನವಾಗದಿದ್ದರೆ ಆ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಛೀಮಾರಿ, ಸನದು (ವಕೀಲಿ ಪರವಾನಗಿ) ಅಮಾನತು, ಕೊನೆಗೆ ಪಟ್ಟಿಯಿಂದ ಹೆಸರು ತೆಗೆಯುವವರೆಗೂ ಶಿಕ್ಷೆ ಇದೆ.

ಇನ್ನೊಂದು ಮುಖ್ಯ ವಿಷಯ. ಫೀಜು ಬಾಕಿ ಇದೆ ಎಂದು ವಕೀಲರು ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಇದು ತೀರ್ಮಾನವಾಗಿದೆ. ಫೀಜಿಗೆ ಅವರು ಬೇರೆ ದಾವೆ ಹಾಕಿಕೊಳ್ಳಲಿ, ಕಡತವನ್ನು ಕೊಡಲೇಬೇಕು. ಗೆದ್ದ ಆಸ್ತಿಯಲ್ಲಿ ಇಷ್ಟು ಭಾಗ ನನಗೆ ಎಂದು ಮಾತನಾಡಿಕೊಳ್ಳುವುದೂ ನಿಷಿದ್ಧ. ಇಂಥ ಕರಾರಿಗೆ ಯಾರಾದರೂ ಸಹಿ ಕೇಳಿದರೆ ಹಾಕಬೇಡಿ.

ಕೋರ್ಟ್ ನಿವೃತ್ತ ನೌಕರ:

ನಾನು ಶಿರಸ್ತೇದಾರನಾಗಿ ನಿವೃತ್ತನಾದವನು. ಟೀಚರ್ ಅಮ್ಮನವರ ಅಕ್ಕ ಮಾಡಬೇಕಾದ್ದನ್ನು ನೇರವಾಗಿ ಹೇಳುತ್ತೇನೆ. ತೀರ್ಪಿನ ನಕಲಿನ ಮೊದಲ ಪುಟದಲ್ಲಿ ಓ.ಎಸ್. (ಮೂಲ ದಾವೆ) ನಂಬರ್ ಮತ್ತು ವರ್ಷ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಪ್ರಕರಣದ ಸ್ಥಿತಿ ಕಾಣುತ್ತದೆ. ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿ ಕೊಡುವ, 16 ಅಕ್ಷರ ಹಾಗೂ ಅಂಕಿಗಳ ಸಿಎನ್ಆರ್ ಸಂಖ್ಯೆ ಇದ್ದರೆ ಇನ್ನೂ ಸುಲಭ. ಬಹಳ ಹಳೆಯ ಪ್ರಕರಣವಾಗಿ ಅಲ್ಲಿ ಸಿಗದಿದ್ದರೆ ಕೋರ್ಟಿನ ನಕಲು ವಿಭಾಗದಲ್ಲಿ ವಿಚಾರಿಸಿ. ತೀರ್ಪಿನ ನಕಲು ಇದ್ದರೆ ಸಾಲದು, ಡಿಕ್ರಿಯ ನಕಲು ಬೇರೆ ಕಾಗದ, ಅದನ್ನೂ ಪಡೆಯಿರಿ. ತಮ್ಮಂದಿರು ಮೇಲ್ಮನವಿ ಹಾಕಿದ್ದಾರೆಯೇ ಎಂದು ಹೈಕೋರ್ಟಿನ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಿ.

ಫೀಜಿಗೆ ಕಷ್ಟವಾದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಲಿ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಅಲ್ಲಿದೆ. 1987ರ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೂ ಹಾಗೆಯೇ. ದೂರವಾಣಿ 15100. ಅದೇ ಕಟ್ಟಡದಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರವೂ ನಡೆಯುತ್ತಿದೆ. ಪಾಲು ಎಷ್ಟು ಎಂಬುದು ಆಗಲೇ ತೀರ್ಮಾನವಾಗಿರುವುದರಿಂದ, ಯಾರಿಗೆ ಯಾವ ಭಾಗ ಎಂಬುದನ್ನು ಅಕ್ಕ ತಮ್ಮಂದಿರು ಅಲ್ಲಿ ಕುಳಿತು ಮಾತಾಡಿ ಮುಗಿಸಿಕೊಂಡರೆ ಎಷ್ಟೋ ವರ್ಷ ಉಳಿಯುತ್ತದೆ. ಹಟ ಹಿಡಿದವರು ಅಲ್ಲಿ ಮೆತ್ತಗಾದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಚಾಮರಾಜಪೇಟೆ ಟೀಚರ್:

ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ? ಹಳೆಯ ವಕೀಲರ ಮೇಲೆ ದೂರು ಕೊಡುವುದು ಬೇಡ, ಇರುವ ಶಕ್ತಿಯನ್ನು ಅಂತಿಮ ಡಿಕ್ರಿಗೆ ಹಾಕುತ್ತೇನೆ ಎಂದು ಅಕ್ಕ ಹೇಳುತ್ತಿದ್ದಾಳೆ. ಅದು ಅವಳ ನಿರ್ಧಾರ. ಸೋಮವಾರ ಇಬ್ಬರೂ ನ್ಯಾಯದೇಗುಲಕ್ಕೆ ಹೋಗುತ್ತಿದ್ದೇವೆ.

ನನ್ನದೊಂದು ಬೇಡಿಕೆ. ಇಲ್ಲಿ ನೀವು ಬರೆದದ್ದರಲ್ಲಿ ಎಷ್ಟೊಂದು ವಿಷಯ ನಮಗೆ ತಿಳಿದೇ ಇರಲಿಲ್ಲ. ಒಂದೊಂದು ಬಗೆಯ ಪ್ರಕರಣಕ್ಕೆ ಒಂದೊಂದು ಪುಟದ ಟಿಪ್ಪಣಿಯನ್ನು ತಿಳಿಗನ್ನಡದಲ್ಲಿ ಬರೆಯೋಣವೇ? ಎಷ್ಟು ಹಂತ, ಯಾವ ಹಂತದಲ್ಲಿ ಕಕ್ಷಿದಾರರು ಏನು ಕೇಳಬೇಕು, ಯಾವ ಕಾಗದ ಕೈಯಲ್ಲಿರಬೇಕು, ಯಾವ ದಿನ ತಪ್ಪಿದರೆ ಹಕ್ಕು ಹೋಗುತ್ತದೆ. ಭಾಷೆಯನ್ನು ನಾನು ತಿದ್ದುತ್ತೇನೆ. ಏಳನೇ ತರಗತಿ ಓದಿದವರಿಗೆ ಅರ್ಥವಾಗಬೇಕು, ಅದು ನನ್ನ ಷರತ್ತು.

ಸಿವಿಲ್ ಕೋರ್ಟ್ ವಕೀಲ:

ವಿಭಾಗದ ದಾವೆಯದು ನನಗಿರಲಿ. ಹೆಣ್ಣುಮಕ್ಕಳ ಹಕ್ಕಿನ ಭಾಗವನ್ನು ವಿವರವಾಗಿ ಬರೆಯುತ್ತೇನೆ. ಹೆಣ್ಣುಮಕ್ಕಳಿಗೂ ಸಮಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ಜಾರಿಗೆ ತಂದಿತ್ತು, ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ತಂದೆ ಆಗ ಬದುಕಿರಬೇಕೇ ಎಂಬ ಗೊಂದಲವನ್ನು 2020ರ ವಿನೀತಾ ಶರ್ಮಾ ತೀರ್ಪು ಬಗೆಹರಿಸಿತು, ಬದುಕಿರಬೇಕಿಲ್ಲ. ಇಂದಿಗೂ ಇದೇ ಪ್ರಶ್ನೆ ಕೇಳಿಕೊಂಡು ನನ್ನಲ್ಲಿಗೆ ಬರುತ್ತಾರೆ.

ಕಿರಿಯ ವಕೀಲೆ, ಮೇಯೋ ಹಾಲ್:

ಬಂಧನ ಮತ್ತು ಜಾಮೀನಿನದು ನನ್ನ ಪಾಲಿಗೆ. ಪೀಣ್ಯದ ಅಣ್ಣ, ಕರಡನ್ನು ಮೊದಲು ನಿಮಗೇ ಕಳುಹಿಸುತ್ತೇನೆ, ಅರ್ಥವಾಗದ ಜಾಗದಲ್ಲಿ ಗೆರೆ ಎಳೆದು ವಾಪಸು ಕೊಡಿ.

ಕಾನೂನು ಬೋಧಕ:

ನಮ್ಮ ಕಾಲೇಜಿನ ಕ್ಲಿನಿಕ್ ವಿದ್ಯಾರ್ಥಿಗಳಿಗೆ ಈ ವರ್ಷದ ಡೈರಿಯ ಬದಲು ಇದನ್ನೇ ಕೊಡಲು ಪ್ರಾಂಶುಪಾಲರನ್ನು ಕೇಳುತ್ತೇನೆ. ಪ್ರತಿ ವಿದ್ಯಾರ್ಥಿಯೂ ಒಂದು ಪುಟ ಬರೆದು, ಒಬ್ಬ ನಿಜವಾದ ಕಕ್ಷಿದಾರರಿಗೆ ಓದಿ ಹೇಳಿ ಬರಬೇಕು.

ಕಾನೂನು ವಿದ್ಯಾರ್ಥಿನಿ:

ಸರ್, ಚೆಕ್ ಅಮಾನ್ಯವಾದ ಪ್ರಕರಣವನ್ನು ನಾನು ಬರೆಯಲೇ? ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಆ 15 ದಿನ ಮುಗಿದ ಬಳಿಕ ಒಂದು ತಿಂಗಳೊಳಗೆ ದೂರು. ಸಣ್ಣ ಅಂಗಡಿಯವರು ಈ ಲೆಕ್ಕ ತಪ್ಪಿಯೇ ಹಣ ಕಳೆದುಕೊಳ್ಳುತ್ತಾರೆ. ದಿನ ಎಣಿಸಲು ಕ್ಯಾಲೆಂಡರಿನ ಒಂದು ಚಿತ್ರವನ್ನೂ ಬರೆಯುತ್ತಿದ್ದೇನೆ. ಕೌಟುಂಬಿಕ ನ್ಯಾಯಾಲಯದ ಜೀವನಾಂಶದ ಅರ್ಜಿಗೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಆ ಕೆಲಸ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಕೆಳಗೆ ತಿಳಿಸಿ.